ಐದು ಜನ, 1.30 ಲಕ್ಷ, ಅಂಡಮಾನ್: ಆಗುತ್ತಾ ಮೇಡಂ?

ಪ್ರಶ್ನೆ (ದಾವಣಗೆರೆಯ ಶಿಕ್ಷಕಿ):
ಮೇಡಂ ನಮಸ್ಕಾರ. ಇಷ್ಟು ದಿನ ಗುಂಪಿನಲ್ಲಿ ನಿಮ್ಮ ಉತ್ತರಗಳನ್ನು ಓದುತ್ತಿದ್ದೆ, ಇವತ್ತು ನಾನೇ ಕೇಳುವ ಸರದಿ. ಮಕ್ಕಳು ಎರಡು ವರ್ಷದಿಂದ ಅಂಡಮಾನ್ ಅಂಡಮಾನ್ ಅಂತ ಜೀವ ತಿನ್ನುತ್ತಿದ್ದಾರೆ. ನಾವು ಐದು ಜನ. ನಾನು, ನಮ್ಮ ಯಜಮಾನರು, ಅತ್ತೆ (66 ವರ್ಷ, ಮಂಡಿನೋವು, ಮೊಟ್ಟೆಯನ್ನೂ ಮುಟ್ಟದವರು), ಮಗಳಿಗೆ 9, ಮಗನಿಗೆ 4. ಕೂಡಿಟ್ಟಿರುವುದು 1.30 ಲಕ್ಷ. ಇಲ್ಲಿನ ಏಜೆಂಟರೊಬ್ಬರು 5 ರಾತ್ರಿ 6 ಹಗಲಿಗೆ 1.10 ಲಕ್ಷ ಅಂದಾಗ ಕುಣಿದಾಡುವಷ್ಟು ಖುಷಿಯಾಯಿತು. ಆಮೇಲೆ ನೋಡಿದರೆ ವಿಮಾನದ ಟಿಕೆಟ್ ಅದರಲ್ಲಿಲ್ಲ! ನನಗೆ ರಜೆ ಅಂದರೆ ದಸರಾ, ಇಲ್ಲವೇ ಬೇಸಿಗೆ. ನಮ್ಮ ದುಡ್ಡಿಗೆ ಇದು ಆಗುವ ಮಾತಾ, ಅಥವಾ ಸುಮ್ಮನೆ ಮಲ್ಪೆಗೆ ಹೋಗಿ ಬರೋದಾ?

ಉತ್ತರ (ಶಿವಮೊಗ್ಗದಲ್ಲಿ ಟ್ರಾವೆಲ್ಸ್ ಕಚೇರಿ ನಡೆಸುವವರು):
ಆಗುತ್ತೆ ಟೀಚರ್. ಆದರೆ ಎಲ್ಲರೂ ಉಳಿಸಲು ನೋಡುವುದು ಹೋಟೆಲಿನಲ್ಲಿ. ಅಂಡಮಾನಿನ ದುಡ್ಡು ಹೋಟೆಲಿನಲ್ಲಿ ಹೋಗುವುದಿಲ್ಲ, ವಿಮಾನ ಮತ್ತು ಹಡಗಿನಲ್ಲಿ ಹೋಗುತ್ತದೆ. ಯಾವ ತಾರೀಕಿಗೆ ಹೋಗುತ್ತೀರಿ, ಎಷ್ಟು ಸಲ ಸಮುದ್ರ ದಾಟುತ್ತೀರಿ, ಈ ಎರಡನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲು ತಾರೀಕು. ದಸರಾ ಬೇಡ. ಅಕ್ಟೋಬರಿನಲ್ಲಿ ಅಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಹಿಂಗಾರು ಶುರುವಾಗುವ ಹೊತ್ತು. ಡಿಸೆಂಬರ್ ಕೊನೆಯ ವಾರವಂತೂ ನಿಮ್ಮ ಬಜೆಟ್ಟಿನವರು ಆ ಕಡೆ ತಿರುಗಿಯೂ ನೋಡಬಾರದು. ನಿಮಗೆ ಸರಿಹೊಂದುವುದು ಏಪ್ರಿಲ್ ಕೊನೆಯ ಎರಡು ವಾರ. ಬಿಸಿಲು ಜೋರು, ನಿಜ. ದಾವಣಗೆರೆಯವರಿಗೆ ಬಿಸಿಲಿನ ಭಯ ಹೇಳಬೇಕೇ? ಆದರೆ ಸೆಕೆ ಬೇರೆ ಥರ, ಮೈಯೆಲ್ಲ ಅಂಟಂಟು. ಸಮುದ್ರ ಮಾತ್ರ ಆಗ ತೊಟ್ಟಿಯ ನೀರಿನಂತೆ ಶಾಂತ, ಹಡಗಿನಲ್ಲಿ ಅತ್ತೆಯವರಿಗೆ ಹೊಟ್ಟೆ ತೊಳಸುವುದು ಕಡಿಮೆ. ಮೇ ಮೂರನೇ ವಾರದ ಹೊತ್ತಿಗೆ ಮುಂಗಾರು ಕೇರಳಕ್ಕಿಂತ ಮೊದಲೇ ಅಂಡಮಾನಿಗೆ ಬರುತ್ತದೆ, ಅದರೊಳಗೆ ವಾಪಸ್ ಬಂದಿರಬೇಕು.

ವಿಮಾನ ಬೆಂಗಳೂರಿನಿಂದ ನೇರ, ಎರಡೂವರೆ ಗಂಟೆ ಚಿಲ್ಲರೆ. ಇಳಿಯುವುದು ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರಿನಲ್ಲಿ. ಟಿಕೆಟ್ಟಿನಲ್ಲಿ ಅದರ ಬದಲು ಶ್ರೀ ವಿಜಯ ಪುರಂ ಅಂತ ಕಂಡರೆ ಗಾಬರಿ ಬೇಡ, 2024ರಲ್ಲಿ ಹೆಸರು ಬದಲಾಗಿದೆ. ಅಲ್ಲಿಂದ ಹಡಗಿನಲ್ಲಿ ಹೋಗುವ ದ್ವೀಪಗಳದ್ದೂ ಅಷ್ಟೇ: ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಬಾಯಲ್ಲಿ ಎಲ್ಲರೂ ಹಳೆಯ ಹೆಸರನ್ನೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಎರಡು ವರ್ಷ ದಾಟಿದ ಮಗುವಿಗೆ ಸೀಟು ಬೇಕೇ ಬೇಕು, ಹಾಗಾಗಿ ನಿಮ್ಮದು ಐದು ಟಿಕೆಟ್. ಎರಡು ಮೂರು ತಿಂಗಳು ಮುಂಚೆ, ಮಂಗಳವಾರ ಬುಧವಾರದ ಕಡೆ ನೋಡಿದರೆ ಹೋಗಿ ಬರಲು ತಲೆಗೆ 13 ಸಾವಿರದ ಆಸುಪಾಸಿನಲ್ಲಿ ಸಿಗುವುದುಂಟು. ಅಂದರೆ 65 ಸಾವಿರ, ನಿಮ್ಮ ಗಂಟಿನ ಅರ್ಧ. ಈ ಲೆಕ್ಕ ಕೂಡದಿದ್ದರೆ ಉಳಿದದ್ದನ್ನು ಓದಲೇಬೇಡಿ, ತಾರೀಕು ಬದಲಿಸಿ.

ಈಗ ದಿನಗಳನ್ನು ಜೋಡಿಸೋಣ. ಮೊದಲ ದಿನ ಇಳಿದು ಊಟ ಮಾಡಿ ಮಲಗಿ. ನಸುಕಿನ ವಿಮಾನ ಅಂದರೆ ಹಿಂದಿನ ರಾತ್ರಿಯ ನಿದ್ದೆ ಹೋಗಿರುತ್ತದೆ. ಮಧ್ಯಾಹ್ನ ಸೆಲ್ಯುಲರ್ ಜೈಲು, ಸಂಜೆ ಅಲ್ಲೇ ಧ್ವನಿ-ಬೆಳಕಿನ ಪ್ರದರ್ಶನ. ಮಗಳಿಗೆ ಹೋಗುವ ಮೊದಲೇ ಆ ಜೈಲಿನ ಕಥೆ ಹೇಳಿ: 1896ರಿಂದ 1906ರವರೆಗೆ ಕಟ್ಟಿದ್ದು, ನಡುವೆ ಗೋಪುರ, ಅದರಿಂದ ಚಕ್ರದ ಅರಗಳಂತೆ ಏಳು ಸಾಲು, ಒಟ್ಟು 696 ಕೋಣೆ, ಎದುರು ಸಾಲಿನವನ ಮುಖ ಕಾಣದ ಹಾಗೆ. ಈಗ ಮೂರು ಸಾಲು ಉಳಿದಿವೆ. ಅತ್ತೆಯವರು ಮಹಡಿ ಹತ್ತುವುದು ಬೇಡ, ಕೆಳಗಿನ ಕೋಣೆಗಳೇ ಸಾಕು.

ಎರಡನೇ ದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್. ಅಲ್ಲಿ ಎರಡು ರಾತ್ರಿ. ಒಂದು ಸಂಜೆ ಪೂರ್ತಿ ರಾಧಾನಗರ ಬೀಚಿಗೇ ಕೊಡಿ. ಜೆಟ್ಟಿಯಿಂದ ಸುಮಾರು 12 ಕಿ.ಮೀ., ಸರ್ಕಾರಿ ಬಸ್ಸೂ ಇದೆ. ಮಾರನೇ ಬೆಳಿಗ್ಗೆ ದೋಣಿಯಲ್ಲಿ ಎಲಿಫೆಂಟ್ ಬೀಚ್. ಮಗಳು ಲೈಫ್ ಜಾಕೆಟ್ ಹಾಕಿಕೊಂಡು ಮುಖ ಮುಳುಗಿಸಿ ಹವಳ ನೋಡಲಿ, ಮಗನಿಗೆ ಗಾಜಿನ ತಳದ ದೋಣಿ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಸ್ಕೂಬಾಗೆ ಮಗಳಿಗೆ ಇನ್ನೊಂದು ವರ್ಷ ಬೇಕು, 10 ತುಂಬಿರಬೇಕು. ಯಜಮಾನರು ಮಾಡುವುದಾದರೆ ವಾಪಸ್ ವಿಮಾನಕ್ಕೆ ಒಂದು ದಿನ ಅಂತರ ಇರಲಿ. ನೀರಿನಾಳದಿಂದ ಬಂದವರು ಕೂಡಲೇ ವಿಮಾನ ಹತ್ತುವ ಹಾಗಿಲ್ಲ.

ನಾಲ್ಕನೇ ದಿನ ಪೋರ್ಟ್ ಬ್ಲೇರಿಗೆ ವಾಪಸ್, ಕೊನೆಯ ಎರಡು ರಾತ್ರಿ ಅಲ್ಲೇ. ಇದನ್ನು ಮಾತ್ರ ಯಾರು ಏನೇ ಹೇಳಿದರೂ ಬದಲಿಸಬೇಡಿ. ಗಾಳಿ ಎದ್ದರೆ ಹಡಗು ಹೊರಡುವುದಿಲ್ಲ. ಕೆಲವು ವರ್ಷದ ಹಿಂದೆ ನನ್ನ ಮೂಲಕವೇ ಹೋದ ಕುಟುಂಬವೊಂದು ಕೊನೆಯ ರಾತ್ರಿಯೂ ಹ್ಯಾವ್‌ಲಾಕಿನಲ್ಲೇ ಇರುತ್ತೇವೆ ಅಂತ ಹಟ ಹಿಡಿಯಿತು, ನಾನೂ ಹ್ಞೂಂ ಅಂದೆ. ಮರುದಿನ ಹಡಗು ರದ್ದು, ವಿಮಾನ ಕೈತಪ್ಪಿತು, ನಾಲ್ಕು ಹೊಸ ಟಿಕೆಟ್. ತಪ್ಪು ನನ್ನದೇ. ಈಗ ಯಾರಿಗೂ ಹ್ಞೂಂ ಅನ್ನುವುದಿಲ್ಲ.

ಆ ಐದನೇ ದಿನ ರಾಸ್ ದ್ವೀಪ. ಬ್ರಿಟಿಷರು ಆಳುತ್ತಿದ್ದ ಜಾಗ, ಈಗ ಪಾಳುಗೋಡೆಗಳನ್ನು ಮರದ ಬೇರುಗಳು ಅಪ್ಪಿಕೊಂಡಿವೆ, ನಡುವೆ ಜಿಂಕೆಗಳು ಓಡಾಡುತ್ತವೆ. ನಿಮ್ಮ ಮಗ ಹವಳ ಮರೆತು ಜಿಂಕೆಯನ್ನೇ ನೆನಪಿಟ್ಟುಕೊಳ್ಳುತ್ತಾನೆ ನೋಡಿ. ಏರು ದಾರಿ, ಆದರೆ ಬ್ಯಾಟರಿ ಗಾಡಿ ಇದೆ.

ಒಂದು ವಿಷಯ ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ಬೆಳಿಗ್ಗೆ ಐದಕ್ಕೇ ಬೆಳಕು, ಸಂಜೆ ಐದೂವರೆಗೆ ಮುಳುಗಿಬಿಡುತ್ತಾನೆ. ಕಾಫಿ ಕುಡಿದು ನಿಧಾನಕ್ಕೆ ಹೊರಡೋಣ ಅಂದವರು ಪ್ರತಿದಿನ ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಲೆಕ್ಕ: ವಿಮಾನ 65,000. ಐದು ರಾತ್ರಿಗೆ ಐದು ಜನ ಹಿಡಿಸುವ ಫ್ಯಾಮಿಲಿ ರೂಮು ದಿನಕ್ಕೆ 3,500ರಂತೆ 17,500. ಖಾಸಗಿ ಹಡಗು ಒಂದು ದಾಟಿಗೆ ತಲೆಗೆ ಸುಮಾರು 1,500, ಹೋಗಿ ಬರಲು 15,000. ಊಟ ತಿಂಡಿ 15,000. ಗಾಡಿ, ಆಟೊ 9,000. ದೋಣಿ, ಪ್ರವೇಶ ಟಿಕೆಟ್ 7,000. ಒಟ್ಟು 1,28,500.

ದಾವಣಗೆರೆ ಟೀಚರ್:
ಅಬ್ಬಾ, ಓದುತ್ತಾ ಅರ್ಧ ಹೋಗಿಬಂದ ಹಾಗಾಯಿತು. ಆದರೆ ನೀಲ್ ಬಿಟ್ಟಿರಲ್ಲ? ಬಾರಾತಾಂಗ್ ಅನ್ನೋ ದ್ವೀಪದಲ್ಲಿ ಗುಹೆ ಇದೆಯಂತೆ, ಏಜೆಂಟರ ಪಟ್ಟಿಯಲ್ಲಿ ಎರಡೂ ಇತ್ತು.

ಉತ್ತರ:
ಬೇಕೆಂದೇ ಬಿಟ್ಟೆ. ನೀಲ್ ಸೇರಿಸಿದರೆ ಇನ್ನೊಂದು ದಾಟು, ಐದು ಜನಕ್ಕೆ ಏಳೂವರೆ ಸಾವಿರದ ಹತ್ತಿರ, ಜೊತೆಗೆ ಮತ್ತೊಮ್ಮೆ ಗಂಟುಮೂಟೆ ಕಟ್ಟುವ ಕೆಲಸ.

ಬಾರಾತಾಂಗ್ ನಿಮಗೆ ಬೇಡವೇ ಬೇಡ. ನಸುಕಿನ ಮೂರು ನಾಲ್ಕಕ್ಕೆ ಎದ್ದು ಹೊರಡಬೇಕು. ದಾರಿಯಲ್ಲಿ ಸಿಗುವ ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಗಾಡಿಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಅಲ್ಲಿಂದ ಮುಂದೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡು. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಏನೂ ಕೊಡುವಂತಿಲ್ಲ, ಇದಕ್ಕೆಂದೇ ಕಾನೂನಿದೆ. ಗುಹೆಯ ಹೆಸರು ಹೇಳಿಕೊಂಡು ಆ ಜನರನ್ನು ಇಣುಕಿ ನೋಡಲು ಹೋಗುವವರೂ ಇದ್ದಾರೆ. ಯಾರಾದರೂ ಏಜೆಂಟರು ‘ಆದಿವಾಸಿಗಳನ್ನು ತೋರಿಸ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಇಷ್ಟೂ ಸಾಲದೆಂದು ಗುಹೆಗೆ ಕಲ್ಲುಮಣ್ಣಿನ ದಾರಿಯಲ್ಲಿ ನಡೆಯಬೇಕು, ಅತ್ತೆಯವರ ಮಂಡಿ ಕೇಳುವುದಿಲ್ಲ.

ಹಾಸನದ ಸದಸ್ಯರು:
ಮೇಡಂ, ನೀಲ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ. ಹೋದ ವರ್ಷ ನಾವು ಹೋಗಿದ್ದೆವು. ಚಿಕ್ಕ ಮಕ್ಕಳಿಗೆ ಹ್ಯಾವ್‌ಲಾಕಿಗಿಂತ ನೀಲೇ ಚೆಂದ. ಭರತ್‌ಪುರ ಬೀಚು ಜೆಟ್ಟಿಯ ಪಕ್ಕದಲ್ಲೇ, ದೂರದವರೆಗೆ ಮೊಣಕಾಲುದ್ದ ನೀರು. ದ್ವೀಪವೇ ಪುಟ್ಟದು, ಆಟೊದಲ್ಲಿ ಒಂದೇ ದಿನಕ್ಕೆ ಸುತ್ತಿ ಮುಗಿಯುತ್ತೆ.

ಉತ್ತರ:
ಸರ್, ನಿಮ್ಮ ಮಾತಿನಲ್ಲಿ ಹುರುಳಿದೆ. ಹಾಗಾದರೆ ಟೀಚರ್‌ಗೆ ಇನ್ನೊಂದು ದಾರಿ: ಹ್ಯಾವ್‌ಲಾಕ್ ಬಿಟ್ಟು ನೀಲಿಗೆ ಮಾತ್ರ ಹೋಗಿ ಎರಡು ರಾತ್ರಿ ಇರುವುದು. ದಾಟು ಎರಡೇ, ಖರ್ಚು ಅಷ್ಟೇ. ನಾನಾದರೆ ರಾಧಾನಗರದ ಆ ಮರಳಿಗಾಗಿ ಹ್ಯಾವ್‌ಲಾಕೇ ಅನ್ನುತ್ತೇನೆ, ಅದು ನನ್ನ ಮೋಹ. ಎರಡೂ ಬೇಕೆಂಬ ಆಸೆಯೇ ಬಜೆಟ್ ಹರಿಯುವ ಜಾಗ.

ತುಮಕೂರಿನ ಸದಸ್ಯರು:
ದಾವಣಗೆರೆಯಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗುವ ಖರ್ಚು ಯಾರೂ ಹಿಡಿಯಲೇ ಇಲ್ಲವಲ್ಲ 😀

ಉತ್ತರ:
ಸಿಕ್ಕಿಬಿದ್ದೆ! ರೈಲು, ಏರ್‌ಪೋರ್ಟ್ ಬಸ್ಸು ಸೇರಿ ಹೋಗಿ ಬರಲು ಐದು ಸಾವಿರ ಇಡಿ. ಅದನ್ನು ತುಂಬಿಕೊಳ್ಳಲು ಹ್ಯಾವ್‌ಲಾಕಿನಿಂದ ವಾಪಸ್ ಬರುವಾಗ ಸರ್ಕಾರಿ ಹಡಗು ಹಿಡಿಯಿರಿ. ಖಾಸಗಿಯದು ಒಂದೂವರೆ ಗಂಟೆ, ಇದು ಎರಡೂವರೆ. ದರ ಅರ್ಧಕ್ಕಿಂತ ಕಡಿಮೆ. ಎಸಿಯ ಗಾಜಿನೊಳಗೆ ಕೂಡಿಹಾಕುವುದಿಲ್ಲ, ಮೇಲೆ ಡೆಕ್ಕಿಗೆ ಬಂದು ಗಾಳಿಗೆ ನಿಲ್ಲಬಹುದು. ನನ್ನನ್ನು ಕೇಳಿದರೆ ಅದೇ ಹೆಚ್ಚು ಚೆನ್ನ. ಟಿಕೆಟ್ ಸಿಗುವುದು ಕಷ್ಟ, ಬುಕಿಂಗ್ ತೆರೆದ ದಿನವೇ ಮಾಡಬೇಕು.

ದಾವಣಗೆರೆ ಟೀಚರ್:
ಅತ್ತೆಯವರ ಊಟದ್ದೇ ಚಿಂತೆ ಮೇಡಂ.

ಉತ್ತರ:
ಪೋರ್ಟ್ ಬ್ಲೇರಿನಲ್ಲಿ ಚಿಂತೆಯೇ ಇಲ್ಲ. ಅಲ್ಲಿ ತಮಿಳರು ಬಹಳ, ಅಬರ್ಡೀನ್ ಬಜಾರಿನ ಸುತ್ತ ಇಡ್ಲಿ, ದೋಸೆ, ಅನ್ನ ಸಾರು ಸಿಗುತ್ತದೆ. ಹ್ಯಾವ್‌ಲಾಕಿನಲ್ಲಿ ಸಸ್ಯಾಹಾರ ಇದೆ, ಆದರೆ ಹೆಚ್ಚಿನ ಕಡೆ ಮೀನಿನ ಅಡುಗೆಮನೆಯಲ್ಲೇ ಆಗುವುದು. ಅವರಿಗೆ ಅದು ಸರಿಬರದಿದ್ದರೆ ಶುದ್ಧ ಸಸ್ಯಾಹಾರಿ ಹೋಟೆಲ್ ಎಲ್ಲಿದೆ ಅಂತ ರೂಮು ಕಾಯ್ದಿರಿಸುವಾಗಲೇ ಕೇಳಿ. ಒಂದು ಕರೆಂಟ್ ಕೆಟಲ್, ಚಟ್ನಿಪುಡಿ, ಅವಲಕ್ಕಿ, ನಿಮ್ಮೂರಿನ ಮಂಡಕ್ಕಿ ಬ್ಯಾಗಿನಲ್ಲಿರಲಿ. ದ್ವೀಪದಲ್ಲಿ ಹೆಚ್ಚಿನದೆಲ್ಲ ಹಡಗಿನಲ್ಲೇ ಬರಬೇಕು, ಹಾಗಾಗಿ ತರಕಾರಿ ಊಟವೂ ಅಲ್ಲಿ ತುಟ್ಟಿಯೇ. ನಗದನ್ನು ಪೋರ್ಟ್ ಬ್ಲೇರಿನಲ್ಲೇ ತೆಗೆದಿಟ್ಟುಕೊಳ್ಳಿ, ಹ್ಯಾವ್‌ಲಾಕಿನಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಕೈಕೊಟ್ಟರೆ ಫೋನ್ ಪೇ ನಡೆಯಲ್ಲ.

ಗದಗಿನ ಸದಸ್ಯರು:
ಚೆನ್ನೈದಿಂದ ಹಡಗು ಐತಲ್ರಿ, ಭಾಳ ಸೋವಿ ಅಂತಾರ?

ಉತ್ತರ:
ಐತ್ರಿ ಅಣ್ಣಾ. ಚೆನ್ನೈ, ವಿಶಾಖಪಟ್ಟಣ, ಕೋಲ್ಕತಾದಿಂದ ಹೋಗುತ್ತೆ. ಆದರೆ ಒಂದು ಕಡೆಗೆ ಸುಮಾರು ಮೂರು ದಿನ, ಹೊರಡುವ ತಾರೀಕು ರೈಲಿನ ಹಾಗೆ ಖಾಯಂ ಇರಲ್ಲ. ವಯಸ್ಸಿನ ಹುಡುಗರಿಗೆ ಮಜಾ. ನಾಲ್ಕು ವರ್ಷದ ಮಗು, ಮಂಡಿನೋವಿನ ಅಜ್ಜಿ ಜೊತೆ ಆರು ದಿನ ಹಡಗಿನಲ್ಲೇ ಕಳೆದರೆ ಟೀಚರ್ ವಾಪಸ್ ಬಂದು ನನ್ನ ಆಫೀಸಿಗೇ ಬರುತ್ತಾರೆ, ಬಡಿಗೆ ಹಿಡಿದುಕೊಂಡು.

ಮಂಗಳೂರಿನ ಸದಸ್ಯರು:
ಇಷ್ಟು ಖರ್ಚಿಗೆ ಮಾಲ್ಡೀವ್ಸೇ ಆಗೋದಿಲ್ವಾ? ಲಕ್ಷದ್ವೀಪ?

ಉತ್ತರ:
ಮಾಲ್ಡೀವ್ಸಿನಲ್ಲಿ ಜನ ವಾಸಿಸುವ ದ್ವೀಪಗಳ ಗೆಸ್ಟ್‌ಹೌಸುಗಳಲ್ಲಿ, ಉದಾಹರಣೆಗೆ ಮಾಫುಶಿಯಲ್ಲಿ, ಕಡಿಮೆಗೆ ಇರಬಹುದು. ವೀಸಾ ಅಲ್ಲಿಗೆ ಇಳಿದ ಮೇಲೆ ಉಚಿತ. ಆದರೆ ಐದು ಪಾಸ್‌ಪೋರ್ಟ್ ಮಾಡಿಸಬೇಕು, ಸಸ್ಯಾಹಾರಿ ಅತ್ತೆಗೆ ಅಲ್ಲಿ ಉಪವಾಸವೇ ಗತಿ. ಲಕ್ಷದ್ವೀಪಕ್ಕೆ ನಮ್ಮವರಿಗೂ ಪ್ರವೇಶ ಪರವಾನಗಿ ಬೇಕು, ರೂಮುಗಳು ಕಡಿಮೆ. ಈ ಕುಟುಂಬಕ್ಕೆ ಎರಡೂ ಅಲ್ಲ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲಿಗೆ ನಮಗೆ ಪರವಾನಗಿಯ ರಗಳೆ ಇಲ್ಲ.

ಅಂಚೆ ಇಲಾಖೆಯ ನೌಕರರು, ಬಳ್ಳಾರಿ:
ಎಲ್‌ಟಿಸಿಯಲ್ಲಿ (ಸರ್ಕಾರಿ ನೌಕರರ ರಜಾ ಪ್ರಯಾಣ ರಿಯಾಯಿತಿ) ಹೋಗಬಹುದಾ ಮೇಡಂ?

ಉತ್ತರ:
ಕೇಂದ್ರ ಸರ್ಕಾರಿ ನೌಕರರಿಗೆ ಅಂಡಮಾನಿಗೆ ವಿಶೇಷ ಸಡಿಲಿಕೆ ಕೊಡುತ್ತಾ ಬಂದಿದ್ದಾರೆ ಸರ್, ಅವಧಿ ಆಗಾಗ ವಿಸ್ತರಣೆ ಆಗುತ್ತೆ. ಆಫೀಸಿನಲ್ಲಿ ಇವತ್ತಿನ ಆದೇಶ ನೋಡಿಸಿಕೊಂಡು, ಒಪ್ಪಿಗೆ ಪಡೆದು, ಅಧಿಕೃತ ಏಜೆನ್ಸಿಯಿಂದಲೇ ಟಿಕೆಟ್ ತೆಗೆಸಿ. ನನ್ನಂಥವರ ಹತ್ತಿರ ತೆಗೆಸಿದರೆ ಬಿಲ್ಲು ಪಾಸಾಗಲ್ಲ.

ದಾವಣಗೆರೆ ಟೀಚರ್ (ಮೂರು ದಿನದ ನಂತರ):
ಮೇಡಂ, ಏಪ್ರಿಲ್ ಕೊನೆಯ ವಾರದ ಮಂಗಳವಾರ ಹೋಗಿ ಭಾನುವಾರ ಬರುವ ಹಾಗೆ ನೋಡಿದೆ, ಐವರಿಗೆ 66,200 ತೋರಿಸುತ್ತಿದೆ. ಮಾಡಿಬಿಡಲಾ? ಇನ್ನೊಂದು, ಮಗಳು ಈಗಲೇ ಚಿಪ್ಪು ತುಂಬಿಕೊಳ್ಳಲು ಡಬ್ಬಿ ತೆಗೆದಿಟ್ಟಿದ್ದಾಳೆ.

ಉತ್ತರ:
ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬರಲಿ. ಹವಳ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಕೆಲವು ಶಂಖ ಚಿಪ್ಪುಗಳೂ ಅಷ್ಟೇ. ಸತ್ತು ದಡಕ್ಕೆ ಬಿದ್ದ ಹವಳದ ತುಂಡನ್ನೂ ಏರ್‌ಪೋರ್ಟಿನಲ್ಲಿ ಬ್ಯಾಗ್ ಬಿಚ್ಚಿಸಿ ತೆಗೆಸುತ್ತಾರೆ. ಡಬ್ಬಿಯ ಬದಲು ಒಂದು ನೋಟ್‌ಬುಕ್ ಕೊಡಿ, ಕಂಡ ಮೀನುಗಳನ್ನೆಲ್ಲ ಚಿತ್ರ ಬರೆಯಲಿ.

ಭಾನುವಾರದ ಬದಲು ಸೋಮವಾರದ ವಾಪಸ್ ದರವನ್ನೂ ಒಮ್ಮೆ ನೋಡಿ. ರೂಮಿನ ಒಂದು ರಾತ್ರಿಗಿಂತ ಹೆಚ್ಚು ಉಳಿದರೆ ಮಾತ್ರ ಬದಲಿಸಿ, ಇಲ್ಲದಿದ್ದರೆ ಇದನ್ನೇ ಇವತ್ತೇ ಮಾಡಿ. ಹಣ ಕಟ್ಟುವ ಮೊದಲು ಅತ್ತೆಯವರ ಆಧಾರ್ ಕೈಯಲ್ಲಿ ಹಿಡಿದು ಹೆಸರು ಅಕ್ಷರ ಅಕ್ಷರ ನೋಡಿ ಹಾಕಿ. ನಮ್ಮ ಹಿರಿಯರ ಹೆಸರು ಕಾರ್ಡಿನಲ್ಲಿ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು.

ದಾವಣಗೆರೆ ಟೀಚರ್:
ಅಯ್ಯೋ ಹೌದು ಮೇಡಂ! ಆಧಾರಿನಲ್ಲಿ ಗಂಗಮ್ಮ, ನಾನು ಗಂಗಾಂಬಿಕಾ ಅಂತ ಹಾಕಿದ್ದೆ. ಈಗ ತಿದ್ದಿ ಬುಕ್ ಮಾಡಿದೆ.