ಫುಟ್‌ಫಾಲ್‌ಗೆ ಕನ್ನಡದಲ್ಲಿ ಏನೆನ್ನೋಣ? (ಕಾಲ್ತುಳಿತ ಬೇಡ, ದಯವಿಟ್ಟು)

ಗೆಳೆಯರಿಗೆ ನಮಸ್ಕಾರ.

ಅಂಗಡಿಗೋ ಮಾಲ್‌ಗೋ ಎಷ್ಟು ಜನ ಬಂದರು ಅನ್ನುವ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ಫುಟ್‌ಫಾಲ್ ಅನ್ನುತ್ತಾರೆ, ಅದಕ್ಕೊಂದು ಕನ್ನಡ ಪದ ಬೇಕಾಗಿದೆ. ಒಂದು ಮುಜುಗರದ ಸಂಗತಿಯಿಂದಲೇ ಶುರು ಮಾಡುತ್ತೇನೆ. ಆರ್ಕಿಟೆಕ್ಟ್ ಗೆಳೆಯರೊಬ್ಬರು ಶಾಪಿಂಗ್ ಮಾಲ್‌ಗಳ ವಿನ್ಯಾಸದ ಬಗ್ಗೆ ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆ ಮಾಡುತ್ತಿದ್ದಾರೆ. ಅದರ ಕನ್ನಡ ನನ್ನ ತಲೆಗೆ ಬಿದ್ದಿದೆ. ಜನ ಯಾವ ಕಡೆಯಿಂದ ಬರುತ್ತಾರೆ, ಒಳಗೆ ಹೇಗೆ ಅಡ್ಡಾಡುತ್ತಾರೆ, ಬೆಳಕು ಎಲ್ಲಿಂದ ಬೀಳಬೇಕು, ಇಷ್ಟೇ ವಿಷಯ. ರಾತ್ರಿ ನಿದ್ದೆಗಣ್ಣಿನಲ್ಲಿ "ವಾರಾಂತ್ಯದಲ್ಲಿ ಮಾಲ್‌ನ ಕಾಲ್ತುಳಿತ ಹೆಚ್ಚಬೇಕು" ಎಂದು ಬರೆದು ಕಳಿಸಿಬಿಟ್ಟೆ. ಬೆಳಗ್ಗೆ ಅವರ ಫೋನು: "ಏನ್ರೀ, ಜನರನ್ನ ಕರೀಬೇಕಾ, ಸಾಯಿಸಬೇಕಾ?"

ಫುಟ್‌ಫಾಲ್‌ಗೆ ಪದ ಹುಡುಕುತ್ತಾ ಮೂರು ದಿನ ಆಯ್ತು. ಮಾಲ್‌ನವರು ಕನ್ನಡ ಮಾತಾಡುವಾಗಲೂ "ಇವತ್ತು ಫುಟ್‌ಫಾಲ್ ಕಮ್ಮಿ" ಅಂತಲೇ ಅನ್ನುತ್ತಾರೆ. ಚಿಕ್ಕಪೇಟೆಯ ಅಂಗಡಿಯವರಿಗೆ ಆ ಗೋಜೇ ಇಲ್ಲ. "ಇವತ್ತು ಜನಾನೇ ಇಲ್ಲ ಸಾರ್." ಜನ ಇದ್ದೂ ಕೊಳ್ಳದಿದ್ದರೆ "ಜನ ಇದ್ದಾರೆ, ಗಿರಾಕಿ ಇಲ್ಲ." ನೋಡಿ, ಮಾಲ್‌ನವರಿಗೆ ಬೇಕಾದ ವ್ಯತ್ಯಾಸ ಇಲ್ಲೇ ಇದೆ. ಒಳಗೆ ಬಂದವರೆಲ್ಲ ಜನ, ಗಂಟು ಬಿಚ್ಚಿದವರು ಗಿರಾಕಿ. ಹಾಗಾಗಿ ಪುಸ್ತಕದ ಮಾಮೂಲಿ ಸಾಲುಗಳಲ್ಲಿ ಸುಮ್ನೆ "ಜನ" ಅಂದರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ತೊಂದರೆ ಬರುವುದು ಅಂಕಿ ಅಂಶದ ಪಟ್ಟಿಯ ತಲೆಬರಹದಲ್ಲಿ. "ಜನಸಂಖ್ಯೆ" ಆಗದು, "ಜನಗಣತಿ" ಸರ್ಕಾರದ ಪಾಲಾಯಿತು. ನಾವು ಲೆಕ್ಕ ಹಾಕುವುದು ತಲೆಯಿಂದ, ಕಾಲಿನಿಂದ ಅಲ್ಲ. ತಲಾ ಐವತ್ತು ರೂಪಾಯಿ, ತಲೆಗೆ ಎರಡು ಹೋಳಿಗೆ. ಮಾಲ್ ಬಾಗಿಲ ಮೇಲೆ ಕೂರಿಸಿರುವ ಎಣಿಸುವ ಕ್ಯಾಮೆರಾಗೂ ಮೇಲಿಂದ ಕಾಣುವುದು ತಲೆಯೇ. "ತಲೆಯೆಣಿಕೆ" ಸೊಗಸಾಗಿದೆ ಅಂತ ಹಿಗ್ಗಿದೆ. ಗೆಳೆಯರು ಅದಕ್ಕೂ ತಣ್ಣೀರು ಎರಚಿದರು. ಒಬ್ಬನೇ ಮನುಷ್ಯ ಕಾರಿನಲ್ಲಿ ಪರ್ಸ್ ಮರೆತು ಹೊರಗೆ ಹೋಗಿ ಮತ್ತೆ ಬಂದರೆ ಲೆಕ್ಕ ಎರಡು, ತಲೆ ಒಂದೇ. ಎಣಿಸುವುದು ಮನುಷ್ಯರನ್ನಲ್ಲ, ಬರುವುದನ್ನು. ಹಾಗಾದರೆ "ಬರವು"? ನಿಮ್ಮ ಬರವಿಗೆ ಕಾಯುತ್ತಿದ್ದೇವೆ ಅನ್ನುತ್ತೇವಲ್ಲ, ಅದೇ ಬರವು. ನನಗೆ ಇದೇ ಇಷ್ಟ. ಆದರೆ ಕೊನೆಯ ಅಕ್ಷರ ಬಿಟ್ಟುಹೋದರೆ "ಜನರ ಬರ" ಆಗಿಬಿಡುತ್ತೆ! ಅಚ್ಚುತಪ್ಪಿನ ಮಟ್ಟಿಗೆ ನಮ್ಮ ಅದೃಷ್ಟ ಗೊತ್ತಲ್ಲ.

ಇನ್ನು ಒಳಗಿನ ಚಲನೆಗೆ ಎಲ್ಲರೂ "ಹರಿವು" ಅನ್ನುತ್ತಾರೆ. "ಒಳಹರಿವು" ಅಂದ ಕೂಡಲೇ ನನಗೆ ಕೆಆರ್‌ಎಸ್ ನೆನಪಾಗುತ್ತೆ, ಮಳೆಗಾಲದ ಪೇಪರಿನ ಕ್ಯೂಸೆಕ್ ಲೆಕ್ಕ. ಅದಿರಲಿ, ಅರ್ಥದಲ್ಲೂ ಎಡವಟ್ಟಿದೆ. ನೀರು ಹರಿದು ಹೋಗಿಬಿಡುತ್ತದೆ. ಮಾಲ್ ಕಟ್ಟುವವರಿಗೆ ಬೇಕಾದದ್ದು ಹೋಗುವುದಲ್ಲ, ನಿಲ್ಲುವುದು, ತಿರುಗುವುದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಕಿಟೆಕ್ಟ್ ವಿಕ್ಟರ್ ಗ್ರೂಯೆನ್ 1956ರಲ್ಲಿ ಮಿನೆಸೋಟದ ಈಡೈನಾದಲ್ಲಿ ಸೌತ್‌ಡೇಲ್ ಎಂಬ ಮಾಲ್ ಕಟ್ಟಿದರು. ಪೂರ್ತಿ ಮುಚ್ಚಿದ, ಒಳಗಿನ ಹವೆಯನ್ನು ಹಿಡಿತದಲ್ಲಿಟ್ಟ ಮಾಲ್‌ಗಳಲ್ಲಿ ಅದೇ ಮೊದಲನೆಯದು. ಹೊರಗೆ ಹಿಮ, ಒಳಗೆ ನಡುವಂಗಳದಲ್ಲಿ ಗಿಡಮರ, ಮೇಲಿಂದ ಹಗಲಿನ ಬೆಳಕು. ಎರಡು ದೊಡ್ಡ ಅಂಗಡಿಗಳನ್ನು ದೂರ ದೂರ ಇಟ್ಟರು, ಒಂದರಿಂದ ಇನ್ನೊಂದಕ್ಕೆ ಹೋಗುವವರು ಸಣ್ಣ ಅಂಗಡಿಗಳ ಮುಂದೆಯೇ ಹಾದುಹೋಗಬೇಕು. ಕಾರು ನಿಲ್ಲಿಸುವ ಜಾಗಗಳನ್ನೂ ಎರಡು ಎತ್ತರದಲ್ಲಿ ಮಾಡಿ, ಎರಡೂ ಮಹಡಿಗೆ ನೆಲದಿಂದಲೇ ಜನ ಬರುವ ಹಾಗೆ ನೋಡಿಕೊಂಡರು. ಬೆಲ್ಟು ಕೊಳ್ಳಲು ಬಂದವನು ಬಂದ ಕೆಲಸ ಮರೆತು ಸುತ್ತತೊಡಗುವ ಗಳಿಗೆಗೆ ಆಮೇಲಿನವರು ಅವರದೇ ಹೆಸರಿಟ್ಟಿದ್ದಾರೆ, ಗ್ರೂಯೆನ್ ಟ್ರಾನ್ಸ್‌ಫರ್ ಅಂತ. ತಮಾಷೆ ಅಂದರೆ ಮಾಲ್‌ಗಳು ಬೆಳೆದ ರೀತಿ ನೋಡಿ ಅವರೇ ಆಮೇಲೆ ಬೇಸತ್ತು ಕೈತೊಳೆದುಕೊಂಡರು.

ಈ ಚಲನೆಗೆ "ಸುಳಿದಾಟ" ಹೇಗೆ? "ಆ ಕಡೆ ಸುಳಿಯಲೇ ಇಲ್ಲ" ಅನ್ನುವಾಗಿನ ಸುಳಿಯೂ ಇದೆ, ನೀರಿನ ಸುಳಿಯೂ ಇದೆ. ಆದರೆ "ಅಪರಿಚಿತರ ಸುಳಿದಾಟ" ಅಂತ ಪೊಲೀಸ್ ಸುದ್ದಿಯಲ್ಲಿ ಓದಿದ ಹಾಗೂ ಅನಿಸುತ್ತೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತೆ, ಹೇಳಿ. ಇಲ್ಲದಿದ್ದರೆ "ಓಡಾಟ" ಇದ್ದೇ ಇದೆ, ಓಡದಿದ್ದರೂ.

ಮಾಲ್ ನಡುವಿನ ಎತ್ತರದ ಬಯಲಿಗೆ ಏಟ್ರಿಯಂ ಅನ್ನುತ್ತಾರೆ. ಹಳೆಯ ರೋಮಿನ ಮನೆಗಳಲ್ಲಿ ಅದು ನಡುವೆ ಚಾವಣಿ ತೆರೆದ ಜಾಗ, ಕೆಳಗೆ ಮಳೆನೀರು ಬೀಳುವ ತಗ್ಗು. ಅಂದರೆ ನಮ್ಮ ತೊಟ್ಟಿ ಮನೆಯ ತೊಟ್ಟಿಯೇ! ಇಷ್ಟು ಸರಿಹೊಂದುವ ಪದ ಮತ್ತೆಲ್ಲಿ ಸಿಗಬೇಕು. ಆದರೆ "ತೊಟ್ಟಿಯ ಹತ್ತಿರ ಕಾಯುತ್ತಿರು" ಅಂದರೆ ಈಗಿನ ಹುಡುಗರು ಕಸದ ತೊಟ್ಟಿ ಹುಡುಕುತ್ತಾರೆ. ಬೇಸರದಿಂದಲೇ "ನಡುವಂಗಳ" ಬರೆದಿದ್ದೇನೆ.

ಸ್ಕೈಲೈಟ್‌ಗೆ ಗವಾಕ್ಷಿ, ಬೆಳಕಿಂಡಿ ಎರಡೂ ಇವೆ. ಎರಡರಲ್ಲೂ ಅಳತೆ ಚಿಕ್ಕದು. ನಮ್ಮ ಅಜ್ಜಿ ಮನೆಯಲ್ಲಿ ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಬಿದ್ದ ಬಿಸಿಲಿನ ಚೌಕ ಒರಳುಕಲ್ಲಿನ ಹತ್ತಿರ ಬಂದರೆ ಅಜ್ಜಿ ಅಕ್ಕಿ ತೊಳೆಯಲು ಏಳುತ್ತಿದ್ದರು. ಅದು ಬೆಳಕಿಂಡಿ. ಮಾಲ್‌ನದ್ದು ಮೇಲಿಡೀ ಗಾಜು. ಅದಕ್ಕೆ "ಗಾಜಿನ ಮಾಡು" (ಮಾಡು ಅಂದರೆ ಚಾವಣಿ) ಅಂದರೆ ಕರಾವಳಿಯವರು ಒಪ್ಪುತ್ತಾರೆ, ಹುಬ್ಬಳ್ಳಿ, ಬೀದರ್ ಕಡೆಯವರು?

ಬೆಳಕಿನದೇ ಇನ್ನೊಂದು. ಗ್ಲೇರ್‌ಗೆ ನಿಘಂಟು ಹೇಳುವ "ಕಣ್ಣು ಕೋರೈಸು" ಹೊಗಳಿಕೆಯಾಗಿಬಿಟ್ಟಿದೆ, ಸೀರೆಗೂ ಸಿನಿಮಾ ಸೆಟ್ಟಿಗೂ ಬಳಸುತ್ತಾರೆ. ನಾವು ಆಡುವುದು "ಲೈಟು ಕಣ್ಣಿಗೆ ಹೊಡೆಯುತ್ತೆ" ಅಂತ. ಅದನ್ನು ನಾಮಪದ ಮಾಡಲು ಹೋಗದೆ ಹಾಗೇ ಬರೆದೆ.

ಕೊನೆಗೆ ಸಿಆರ್‌ಐ, ಅಂದರೆ ಕಲರ್ ರೆಂಡರಿಂಗ್ ಇಂಡೆಕ್ಸ್. ಒಂದು ದೀಪದ ಬೆಳಕಿನಲ್ಲಿ ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ. ಹೆಚ್ಚೆಂದರೆ 100. ಮಾಮೂಲಿ ಎಲ್‌ಇಡಿ 80ರ ಆಸುಪಾಸು, ಬಟ್ಟೆ ಅಂಗಡಿಗೆ 90 ಮೇಲಿದ್ದರೆ ಚೆನ್ನ. ನಮ್ಮಮ್ಮ ಇದನ್ನು ಯಂತ್ರವಿಲ್ಲದೆ ಅಳೆಯುತ್ತಾರೆ. ಅಂಗಡಿಯಲ್ಲಿ ಸೀರೆ ಸೆರಗು ಹಿಡಿದುಕೊಂಡು ಸೀದಾ ಬಾಗಿಲಿಗೆ ನಡೆಯುತ್ತಾರೆ, "ಬಿಸಿಲಿಗೆ ಹಿಡಿದು ನೋಡ್ತೀನಿ ಇರಪ್ಪ" ಅಂತ. ಒಳಗೆ ಕಪ್ಪಾಗಿದ್ದ ಸೀರೆ ಅಲ್ಲಿ ಗಾಢ ನೀಲಿ! ಇದಕ್ಕೆ "ಬಣ್ಣಬಯಲು" ಅಂತ ಹೆಸರಿಡಲು ಕೈ ತುರಿಸುತ್ತಿದೆ. ಗೆಳೆಯರು "ಬಣ್ಣದ ನಿಖರತೆ" ಸಾಕು ಅನ್ನುತ್ತಿದ್ದಾರೆ.

ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗುತ್ತೆ. ಬರವು, ಸುಳಿದಾಟ, ಗಾಜಿನ ಮಾಡು, ಈ ಮೂರರ ಬಗ್ಗೆ ಶುಕ್ರವಾರದೊಳಗೆ ಯಾರಾದರೂ ಬರೆದರೆ ಉಪಕಾರ. ನಿಮ್ಮ ಊರಿನ ಅಂಗಡಿಯವರು ಜನ ಬಂದದ್ದಕ್ಕೆ, ಬಾರದ್ದಕ್ಕೆ ಏನನ್ನುತ್ತಾರೆ ಅನ್ನೋದನ್ನೂ ಕೇಳಿ ತಿಳಿಸಿ.