ಕೋರ್ಟ್ ರಿಪೋರ್ಟಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಹೊಸಬ: ಸಾಕ್ಷಿಯ ಹೇಳಿಕೆ, ಪಾಟೀಸವಾಲು, ವಕೀಲರ ಆಕ್ಷೇಪಣೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಶಬ್ದಶಃ ದಾಖಲಿಸುವ ಕೆಲಸಕ್ಕೆ ತಯಾರಾಗಬೇಕೆಂದಿದ್ದೇನೆ. ಟೈಪಿಂಗ್ ನಿಮಿಷಕ್ಕೆ 70 ಪದ ಬರುತ್ತದೆ. ಶೀಘ್ರಲಿಪಿಯಲ್ಲಿ ದಾಖಲಿಸುವ ಸ್ಟೆನೊ ಯಂತ್ರ ಕಲಿಯಲೋ, ಧ್ವನಿಮುದ್ರಣದ ದಾರಿ ಹಿಡಿಯಲೋ? ಎಷ್ಟು ವೇಗ ಬೇಕು? ಎಡವುವುದು ಎಲ್ಲಿ? ಬಲ್ಲವರು ತಿಳಿಸಿ.

ಹತ್ತುಬೆರಳು: 70 ಪದದ ಟೈಪಿಂಗ್ ನಕಲು (ಕಲಾಪದ ಬರಹರೂಪ) ತಿದ್ದುವಾಗ ಉಪಯೋಗಕ್ಕೆ ಬರುತ್ತದೆ, ಕಲಾಪ ನಡೆಯುವಾಗ ಅಲ್ಲ. ವೇಗಕ್ಕೆ ಅಮೆರಿಕದ ನ್ಯಾಷನಲ್ ಕೋರ್ಟ್ ರಿಪೋರ್ಟರ್ಸ್ ಅಸೋಸಿಯೇಷನ್ ನಡೆಸುವ ಆರ್‌ಪಿಆರ್ (ರಿಜಿಸ್ಟರ್ಡ್ ಪ್ರೊಫೆಷನಲ್ ರಿಪೋರ್ಟರ್) ಪರೀಕ್ಷೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಗದ್ಯ ನಿಮಿಷಕ್ಕೆ 180 ಪದ, ಜ್ಯೂರಿಗೆ ಕೊಡುವ ಸೂಚನೆ 200, ಸಾಕ್ಷಿಯ ಪ್ರಶ್ನೋತ್ತರ 225. ಒಂದೊಂದೂ 5 ನಿಮಿಷ, ಶೇ 95 ಸರಿ ಇರಬೇಕು. 225ರ ಪಾಠವೆಂದರೆ 1,125 ಪದ, ಅದರಲ್ಲಿ ಸುಮಾರು 56 ತಪ್ಪಿನವರೆಗೆ ಮಾಫಿ. ಆದರೆ ಐದು ನಿಮಿಷಕ್ಕೆ 56 ತಪ್ಪಿರುವ ನಕಲನ್ನು ಯಾವ ವಕೀಲರೂ ಒಪ್ಪುವುದಿಲ್ಲ. ಪಾಸಾದ ಮೇಲೂ ಕಲಿಯುವುದು ಉಳಿದಿರುತ್ತದೆ.

ಸ್ಟೆನೊ ಯಂತ್ರದಲ್ಲಿ 22 ಕೀಲಿ, ಮೇಲೆ ಅಂಕಿಗಳಿಗೆ ಒಂದು ಪಟ್ಟಿ. ಎಡಗೈಗೆ ಉಚ್ಚಾರದ ಆರಂಭದ ವ್ಯಂಜನ, ಹೆಬ್ಬೆರಳುಗಳಿಗೆ ಎ, ಒ, ಇ, ಯು, ಬಲಗೈಗೆ ಕೊನೆಯ ವ್ಯಂಜನ. ಎಲ್ಲವನ್ನೂ ಪಿಯಾನೋ ಸ್ವರಮೇಳದಂತೆ ಒಟ್ಟಿಗೆ ಒತ್ತಬೇಕು. ಎಡಗೈಗೆ ಡಿ ಇಲ್ಲ, ಟಿ ಮತ್ತು ಕೆ ಸೇರಿಸಿ ಒತ್ತಿದರೆ ಅದೇ ಡಿ. ನಕ್ಷತ್ರದ ಕೀಲಿ ಹಿಂದಿನ ಒತ್ತನ್ನು ಅಳಿಸುತ್ತದೆ.

ಮೊದಲೇ ದುಬಾರಿ ಯಂತ್ರಕ್ಕೆ ಕೈ ಹಾಕಬೇಡಿ. ಕಂಪ್ಯೂಟರ್ ಕೀಬೋರ್ಡನ್ನೇ ಸ್ಟೆನೊ ಯಂತ್ರದಂತೆ ಬಳಸಲು ಪ್ಲೋವರ್ ಎಂಬ ಉಚಿತ ತಂತ್ರಾಂಶವಿದೆ. ಅದಕ್ಕೆ, ಎಷ್ಟು ಕೀಲಿ ಒಟ್ಟಿಗೆ ಒತ್ತಿದರೂ ಎಲ್ಲವನ್ನೂ ಗುರುತಿಸುವ, ಅಂದರೆ ಎನ್-ಕೀ ರೋಲ್‌ಓವರ್ ಇರುವ ಕೀಬೋರ್ಡ್ ಜೋಡಿಸಿ ಕೆಲವು ತಿಂಗಳು ಕೂತು ನೋಡಿ. ಮಾಮೂಲಿ ಕೀಬೋರ್ಡ್ ಏಳೆಂಟು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕೆಲವನ್ನು ನುಂಗಿಬಿಡುತ್ತದೆ. ದೋಷ ಬೆರಳಿನದೆಂದು ಸುಮ್ಮನೆ ತಲೆ ಕೆಡುತ್ತದೆ.

ವೇಗ ಒಂದು ಮಟ್ಟದಲ್ಲಿ ನಿಂತುಬಿಡುವುದು ಬೆರಳು ನಿಧಾನವಾಗಿರುವುದಕ್ಕಲ್ಲ, ಪದಕ್ಕೆ ಯಾವ ಕೀಲಿಗಳೆಂದು ನೆನಪಾಗದೆ ತಡವರಿಸುವುದಕ್ಕೆ. ಗುರಿಗಿಂತ 10–20 ಪದ ಹೆಚ್ಚಿನ ವೇಗದಲ್ಲಿ ಒಂದು ನಿಮಿಷ, ಬಿಟ್ಟು ಹೋದರೂ ನಿಲ್ಲಿಸದೆ ಬರೆಯಿರಿ. ಆಮೇಲೆ ಗುರಿಯ ವೇಗಕ್ಕೆ ಇಳಿದು ಐದು ನಿಮಿಷ. ಕೊನೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿ. ತಡವರಿಸಿದ ಪದಗಳನ್ನು ಗುರುತು ಹಾಕಿ, ಮರುದಿನದ ಅಭ್ಯಾಸ ಅವುಗಳಿಂದಲೇ ಶುರುವಾಗಲಿ.

ಪುಟ-ಸಾಲು: ಮೇಲಿನವರು ವೇಗದ ಬಗ್ಗೆ ಹೇಳಿದ್ದು ಸರಿ. ಆದರೆ ನನ್ನ ಕೇಳಿದರೆ ಈ ಕೆಲಸದಲ್ಲಿ ಗೆಲ್ಲಿಸುವುದೂ ಸೋಲಿಸುವುದೂ ನಿಘಂಟು. ಯಂತ್ರದ ಒತ್ತುಗಳನ್ನು ಕಂಪ್ಯೂಟರ್ ಪದವಾಗಿ ತಿರುಗಿಸುವುದು ನೀವು ಕಟ್ಟಿಕೊಂಡ ನಿಘಂಟಿನಿಂದಲೇ. ಒಂದೇ ಒತ್ತಿಗೆ ಎರಡು ಪದ ಇಟ್ಟುಕೊಂಡರೆ ಯಾವುದು ಬರುತ್ತದೋ ಹೇಳಲಾಗದು. ಹಾಗಾಗಿ ದೇರ್ ಎಂಬ ಉಚ್ಚಾರದ ಮೂರು ಪದಗಳಿಗೆ (there, their, they're) ಮೂರು ಬೇರೆ ಒತ್ತು ಮೊದಲ ದಿನವೇ ಗೊತ್ತುಮಾಡಿ. ಆಮೇಲೆ ಬದಲಾಯಿಸಿದರೆ ಬೆರಳು ಹಳೆಯದಕ್ಕೇ ಓಡುತ್ತದೆ.

ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ನಿಘಂಟು ಮಾಡಿ. ವಾದಪತ್ರ, ಸಾಕ್ಷಿಗಳ ಪಟ್ಟಿ, ತಜ್ಞರ ವರದಿ ಮೊದಲೇ ಕೇಳಿ ಪಡೆದು ಹೆಸರು, ಔಷಧ, ಯಂತ್ರದ ಭಾಗ, ಊರುಗಳನ್ನು ಹಿಂದಿನ ಸಂಜೆಯೇ ಸೇರಿಸಿಡಿ. ‘ಅವರು ಕಾಗದ ಕೊಡಲಿಲ್ಲ’ ಎಂಬುದು ನೆಪವಾಗದು. ಬೇಗ ಬಂದು ಗುಮಾಸ್ತರಲ್ಲಿ ಕಾಗುಣಿತ ವಿಚಾರಿಸಿದರಾಯಿತು.

ಸಾಕ್ಷಿಯ ವ್ಯಾಕರಣ ತಿದ್ದಬೇಡಿ. ತಪ್ಪಾಗಿ ಹೇಳಿದ್ದರೆ ತಪ್ಪಾಗಿಯೇ ಇರಬೇಕು. ತಲೆಯಾಡಿಸಿದ್ದಕ್ಕೆ ‘ಹೌದು’ ಎಂದು ಬರೆದುಬಿಡುವುದು ದೊಡ್ಡ ಅಪರಾಧ. ‘ಸಾಕ್ಷಿ ತಲೆಯಾಡಿಸಿದರು’ ಎಂದು ಆವರಣದಲ್ಲಿ ಹಾಕಿ, ಅಥವಾ ಬಾಯಿಬಿಟ್ಟು ಉತ್ತರಿಸಲು ಹೇಳಿಸಿ. ಅಮೆರಿಕದ ಮಾದರಿಯಲ್ಲಿ ಪುಟಕ್ಕೆ 25 ಸಾಲು, ಪ್ರತಿ ಸಾಲಿಗೂ ಸಂಖ್ಯೆ. ಮುಂದೆ ಎಲ್ಲರೂ ಪುಟ-ಸಾಲು ಹೇಳಿಯೇ ಉಲ್ಲೇಖಿಸುವುದರಿಂದ, ನಕಲು ಸರಿಯಿದೆಯೆಂಬ ಪ್ರಮಾಣಪತ್ರಕ್ಕೆ ಸಹಿ ಬಿದ್ದ ಮೇಲೆ ಒಂದು ಸಾಲು ಜಾರಿದರೂ ರಗಳೆ.

ಕಿವಿಗವಸು: ಧ್ವನಿಮುದ್ರಣ ಸುಲಭ ಎಂದುಕೊಂಡು ಬರುವವರೇ ಹೆಚ್ಚು. ಯಂತ್ರ ಆನ್ ಮಾಡಿ ಸುಮ್ಮನೆ ಕೂರುವ ಕೆಲಸ ಅದಲ್ಲ. ನ್ಯಾಯಾಧೀಶರು, ಸಾಕ್ಷಿ, ಇಬ್ಬರು ವಕೀಲರು, ಎಲ್ಲರಿಗೂ ಬೇರೆ ಬೇರೆ ಮೈಕ್ ಮತ್ತು ಬೇರೆ ಬೇರೆ ಚಾನೆಲ್ ಬೇಕು. ಒಂದೇ ಟ್ರ್ಯಾಕಿನಲ್ಲಿ ಇಬ್ಬರ ಮಾತು ಕೂಡಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಹೆಡ್‌ಫೋನಿನಲ್ಲಿ ಕೋಣೆಯ ಸದ್ದಲ್ಲ, ರೆಕಾರ್ಡ್ ಆದದ್ದನ್ನೇ ಕೇಳುತ್ತಿರಬೇಕು. ಮೈಕಿನ ಬೆಳಕು ಉರಿಯುತ್ತಿದ್ದರೂ ಫೈಲಿನಲ್ಲಿ ಏನೂ ಇಲ್ಲದಿರಬಹುದು. ಜೊತೆಗೆ ಸಮಯದ ಸಮೇತ ಟಿಪ್ಪಣಿ: ಯಾರು ಮಾತಾಡಿದರು, ಯಾವ ನಿಶಾನೆ (ಪುರಾವೆಯಾಗಿ ಹಾಜರುಪಡಿಸಿದ ದಾಖಲೆ ಅಥವಾ ವಸ್ತು) ಗುರುತಾಯಿತು, ಹೆಸರಿನ ಕಾಗುಣಿತ. ಟಿಪ್ಪಣಿ ಇಲ್ಲದ ಆರು ಗಂಟೆಯ ಧ್ವನಿಯನ್ನು ನಕಲು ಮಾಡುವವರ ಶಾಪ ತಟ್ಟುತ್ತದೆ.

ಮೂರನೆಯ ದಾರಿಯೂ ಇದೆ. ಮೂಗು-ಬಾಯಿ ಮುಚ್ಚುವ ಮಾಸ್ಕಿನೊಳಗೆ ಎಲ್ಲರ ಮಾತನ್ನೂ ಮೆಲ್ಲಗೆ ಮರುನುಡಿದು, ಧ್ವನಿ ಗುರುತಿಸುವ ತಂತ್ರಾಂಶಕ್ಕೆ ಕೊಡುವುದು. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, ಮಾತಾಡಿದವರು ಯಾರೆಂಬುದನ್ನೂ ಬಾಯಲ್ಲೇ ಹೇಳಬೇಕು. ಸ್ಟೆನೊ ಯಂತ್ರಕ್ಕಿಂತ ಬೇಗ ಕಲಿಯಬಹುದು. ನೆಗಡಿಯಾದ ದಿನ ಗೊತ್ತಾಗುತ್ತದೆ ಅದರ ಪಾಡು.

ಹೊಸಬ: ಇಬ್ಬರು ವಕೀಲರು ಒಟ್ಟಿಗೆ ಮಾತಾಡಿದರೆ? ತಡೆಯಲು ಸಂಕೋಚವಾಗುವುದಿಲ್ಲವೇ?

ಪುಟ-ಸಾಲು: ಸಂಕೋಚ ಪಟ್ಟರೆ ದಾಖಲೆ ಕೆಡುತ್ತದೆ. ಕೈ ಎತ್ತಿ ‘ದಯವಿಟ್ಟು ಒಬ್ಬೊಬ್ಬರಾಗಿ’ ಎನ್ನಿ. ಅಷ್ಟೇ ಸಾಕು, ವಿವರಣೆ ಬೇಡ. ಕೇಳದ ಪದವನ್ನು ಊಹಿಸಿ ತುಂಬುವುದಕ್ಕಿಂತ ಆಗಲೇ ಕೇಳುವುದು ಮೇಲು. ಮುಖ್ಯವಾಗಿ ಇಂಗ್ಲಿಷಿನ ಫಿಫ್ಟೀನ್-ಫಿಫ್ಟಿ, ಕ್ಯಾನ್-ಕಾಂಟ್ ಜೋಡಿಗಳಲ್ಲಿ. ಒಂದು ಅಕ್ಷರಕ್ಕೆ ಸಾಕ್ಷ್ಯವೇ ತಿರುಗುಮುರುಗಾಗುತ್ತದೆ. ತಡೆಯುವುದಿದ್ದರೆ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ಮೊದಲು ತಡೆಯಿರಿ. ಸಾಕ್ಷಿ ಅಳುತ್ತ ಹೇಳುತ್ತಿರುವಾಗ ಮಾತ್ರ ವಾಕ್ಯ ಮುಗಿಯಲು ಬಿಡಿ.

ಹತ್ತುಬೆರಳು: ದುಭಾಷಿ ಇದ್ದಾಗ ದಾಖಲಿಸುವುದು ದುಭಾಷಿ ಹೇಳಿದ ಇಂಗ್ಲಿಷನ್ನು ಮಾತ್ರ. ಅವರು ‘ನಾನು ಹೋದೆ’ ಎನ್ನಬೇಕು, ‘ಆತ ಹೋದನಂತೆ’ ಎಂದಲ್ಲ. ತಮ್ಮ ಪರವಾಗಿ ಏನಾದರೂ ಹೇಳಿದರೆ ಅದು ದುಭಾಷಿಯ ಹೆಸರಿನಲ್ಲೇ ಬರಲಿ. ಇನ್ನು ಬ್ಯಾಕಪ್: ಯಂತ್ರದ ಮೆಮೊರಿ, ಲ್ಯಾಪ್‌ಟಾಪ್, ಬೇರೊಂದು ಡ್ರೈವ್, ಮೂರರಲ್ಲೂ ಅದೇ ದಿನ ಸೇರಿಸಿ. ಬಿಡುವಿನಲ್ಲಿ ಚಹಾಕ್ಕೆ ಏಳುವ ಮೊದಲು ಫೈಲ್ ತೆರೆದು ಕೊನೆಯ ಸಾಲು ಬಂದಿದೆಯೇ ನೋಡಿ.