‘ಟ್ರಸ್ಟ್ ಫಂಡ್’: ದತ್ತಿಯೇ, ಮೀಸಲೇ, ಮುಡಿಪೇ?

ಪ್ರಶ್ನೆ: ಅಮೆರಿಕದ ಪೆಟ್ರೋಲ್ ತೆರಿಗೆಯಲ್ಲಿ ಒಂದು ಪಾಲು ಬಸ್ಸು, ಮೆಟ್ರೋಗಳಿಗೆ ಹೋಗುವ ಬಗ್ಗೆ ಬರೆಯುತ್ತಿದ್ದೇನೆ. ‘ಹೈವೇ ಟ್ರಸ್ಟ್ ಫಂಡ್’ಗೆ ಹೆದ್ದಾರಿ ದತ್ತಿನಿಧಿ, ಅದರೊಳಗಿನ ‘ಮಾಸ್ ಟ್ರಾನ್ಸಿಟ್ ಅಕೌಂಟ್’ಗೆ ಸಮೂಹ ಸಾರಿಗೆ ಖಾತೆ, ‘ಲೋಕಲ್ ಮ್ಯಾಚ್’ಗೆ ಸ್ಥಳೀಯ ಸಮಪಾಲು ಎಂದು ಹಾಕಿದ್ದೇನೆ. ಸರಿ ಹೋದೀತೆ?

ಉತ್ತರ: ‘ದತ್ತಿ’ ಬೇಡ. ದತ್ತಿ ಎಂದರೆ ದಾನಿಯೊಬ್ಬರು ಇರಬೇಕು, ಅಸಲು ಮುಟ್ಟದೆ ಬಡ್ಡಿಯಲ್ಲಿ ಬಹುಮಾನ ಕೊಡಬೇಕು. 1956ರ ಈ ನಿಧಿಗೆ ಬರುವುದು ತೆರಿಗೆ, ಹೋಗುವುದು ಕಾಮಗಾರಿಯ ಬಿಲ್ಲಿಗೆ. ‘ಹೆದ್ದಾರಿ ಮೀಸಲು ನಿಧಿ’ ಎನ್ನಬಹುದು.

‘ಖಾತೆ’ಯ ತೊಡಕು ಬೇರೆ. ‘ಸಾರಿಗೆ ಖಾತೆ’ ಎಂದೊಡನೆ ನಮ್ಮ ಓದುಗರಿಗೆ ಮಂತ್ರಿಯ ಕುರ್ಚಿ ಕಾಣುತ್ತದೆ. ‘ಸಮೂಹ ಸಾರಿಗೆ ಲೆಕ್ಕ’ ಅಥವಾ ‘ಉಪನಿಧಿ’ ಇಡಿ. ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್ ಕೇಂದ್ರ ತೆರಿಗೆ, ಅದರಲ್ಲಿ 2.86 ಸೆಂಟ್ ಈ ಲೆಕ್ಕಕ್ಕೆ ಜಮೆ. ಡೀಸೆಲ್‌ಗೆ ತೆರಿಗೆ 24.4 ಸೆಂಟ್ ಆದರೂ ಸಾರಿಗೆಯ ಪಾಲು ಅಷ್ಟೇ. ಪೆಟ್ರೋಲಿನ ಆ 18.4 ಸೆಂಟನ್ನು ಶೇಕಡಾ ಎಂದು ಬರೆದುಬಿಡಬೇಡಿ: ಕರ್ನಾಟಕವು 2024ರ ಜೂನ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 18.4ಕ್ಕೆ ಏರಿಸಿತ್ತು, ಅಂಕಿ ಒಂದೇ ಇರುವುದರಿಂದ ಕೈ ತಪ್ಪುವುದು ಸುಲಭ. ನಮ್ಮದು ಬೆಲೆಯ ಮೇಲೆ, ಅವರದು ಅಳತೆಯ ಮೇಲೆ. ಬೆಲೆ ಎಷ್ಟೇ ಏರಲಿ, 1993ರಿಂದ ಅವರ ದರ ಕದಲಿಲ್ಲ.

‘ಸಮಪಾಲು’ ಲೆಕ್ಕವನ್ನೇ ಕೆಡಿಸುತ್ತದೆ. ಬಸ್ಸು ಕೊಳ್ಳಲು ಸಾಮಾನ್ಯವಾಗಿ ಕೇಂದ್ರ ಶೇ. 80ರವರೆಗೆ ಕೊಡುತ್ತದೆ, ಉಳಿದ 20 ಊರಿನದು. ಇದಕ್ಕೆ ‘ಸ್ಥಳೀಯ ವಂತಿಗೆ’ ಚೆನ್ನ. ಎರಡು ಲಕ್ಷಕ್ಕಿಂತ ಕಡಿಮೆ ಜನರಿರುವ ನಗರ ಪ್ರದೇಶಗಳಲ್ಲಿ ಬಸ್ಸು ಓಡಿಸುವ ಖರ್ಚಿನ ಕೊರತೆಗೆ ಕೇಂದ್ರ ಅರ್ಧದವರೆಗೆ ಕೊಡುವುದುಂಟು. ಅಲ್ಲಿ ಮಾತ್ರ ನಿಮ್ಮ ‘ಸಮಪಾಲು’ ಅಕಸ್ಮಾತ್ತಾಗಿ ಸರಿ.

ಇನ್ನೊಬ್ಬರು: ‘ಮೀಸಲು ನಿಧಿ’ಗೆ ನನ್ನ ತಕರಾರಿದೆ. ಸಹಕಾರಿ ಬ್ಯಾಂಕಿನ ವಾರ್ಷಿಕ ವರದಿ ಓದುವವರಿಗೆ ಅದು ಕಷ್ಟಕಾಲಕ್ಕೆ ಲಾಭದಿಂದ ಎತ್ತಿಟ್ಟ ಹಣ. ಇಲ್ಲಿ ಲಾಭವೆಲ್ಲಿ? ಇಂಥ ಕೆಲಸಕ್ಕೇ ಎಂದು ತೆಗೆದಿಡುವುದಕ್ಕೆ ಕನ್ನಡದಲ್ಲಿ ‘ಮುಡಿಪು’ ಇದೆಯಲ್ಲ! ‘ಹೆದ್ದಾರಿ ಮುಡಿಪು ನಿಧಿ’. ಮೊದಲು ರಸ್ತೆಗೇ ಮುಡಿಪಾಗಿದ್ದ ಹಣದಲ್ಲಿ ಸಾರಿಗೆಗೆ ಒಂದು ಸೆಂಟ್ ಬೇರೆ ಗಂಟು ಕಟ್ಟಿದ್ದು 1982ರ ಕಾಯ್ದೆ ಎಂಬುದನ್ನೂ ಈ ಪದದಲ್ಲಿ ಸರಾಗವಾಗಿ ಹೇಳಬಹುದು. 2008ರಿಂದೀಚೆಗೆ ಮುಡಿಪಿನ ಗಂಟು ಸಾಲದೆ ಸಾಮಾನ್ಯ ಬೊಕ್ಕಸದಿಂದ ಮತ್ತೆ ಮತ್ತೆ ತುಂಬಿಸುತ್ತಿದ್ದಾರೆ. ಆ ವಾಕ್ಯದಲ್ಲಿ ‘ಅನುದಾನ’ ಎನ್ನದೆ ‘ವರ್ಗಾವಣೆ’ ಎನ್ನಿ.